ಕಹಳೆಯೋ, ಪೆಟ್ಟಿಗೆಯೋ? ಮನೆಯ ಆಲಿಕೆಗೆ ಯಾವ ಧ್ವನಿವರ್ಧಕ

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ಬೇಡವೆನಿಸಿದ ನೋಟವನ್ನು ಕಣ್ಣು ಮುಚ್ಚಿ ತಪ್ಪಿಸಿಕೊಳ್ಳಬಹುದು. ಸದ್ದನ್ನು ಹಾಗೆ ತಡೆಯಲಾಗದು. ಪಡಸಾಲೆಯಲ್ಲಿ ಒಬ್ಬರು ಕೇಳುವ ಹಾಡನ್ನು ಒಳಮನೆಯಲ್ಲಿ ಓದುವ ಮಗುವೂ, ತೊಟ್ಟಿಲಲ್ಲಿರುವ ಕೂಸೂ, ಗೋಡೆಯಾಚೆಯ ನೆರೆಯವರೂ ಕೇಳಲೇಬೇಕಾಗುತ್ತದೆ. ಆದುದರಿಂದ ಮನೆಗೆ ಯಾವ ಬಗೆಯ ಧ್ವನಿವರ್ಧಕವನ್ನು ತರಬೇಕೆಂಬ ಪ್ರಶ್ನೆ ಇಡೀ ಕುಟುಂಬಕ್ಕೆ ಸಂಬಂಧಿಸಿದ್ದು. ಈ ವಿಷಯದಲ್ಲಿ ನಾನು ತಜ್ಞನಲ್ಲ. ವ್ಯಾಕರಣ, ಛಂದಸ್ಸುಗಳಲ್ಲಿ ಆಯುಷ್ಯ ಕಳೆದವನು. ನಮ್ಮ ಮನೆಯಲ್ಲಿಯೇ ಈ ಪ್ರಶ್ನೆ ಎದ್ದುದರಿಂದ ಕೆಲವು ತಿಂಗಳು ಓದಿ, ಕೇಳಿ, ಬಲ್ಲವರೊಡನೆ ಚರ್ಚಿಸಿ ತಿಳಿದುಕೊಂಡದ್ದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ನನ್ನ ಹಿರಿಯಣ್ಣನವರಿಗೆ ಈಗ ಎಪ್ಪತ್ತೆಂಟು ವರ್ಷ. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಸಂಜೆಯ ಪೂಜೆ ಮುಗಿಸಿ ಪಡಸಾಲೆಯಲ್ಲಿ ಕುಳಿತು ಮಲ್ಲಿಕಾರ್ಜುನ ಮನ್ಸೂರರ ವಚನಗಾಯನವನ್ನು ಕೇಳುವುದು ಅವರ ಬಹುಕಾಲದ ರೂಢಿ. ಆ ಹೊತ್ತಿಗೆ ಮನೆಮಂದಿಯೂ ಒಬ್ಬೊಬ್ಬರಾಗಿ ಬಂದು ಕೂಡುತ್ತಿದ್ದರು. ಎರಡು ವರ್ಷಗಳ ಹಿಂದೆ ಅವರು ಈ ರೂಢಿಯನ್ನು ಬಿಟ್ಟರು. ಪೂಜೆ ಮುಗಿಯುತ್ತಲೇ ತಮ್ಮ ಕೋಣೆ ಸೇರತೊಡಗಿದರು. ಕಾರಣ ಕೇಳಿದಾಗ, “ಮೊದಲಿನಂಗ ಮಾತು ಬಿಡಿಸಿ ಕೇಳೂದಿಲ್ಲೋ ತಮ್ಮಾ, ಬರೇ ದನಿ ಬರತದ” ಎಂದರು.

ಅವರ ಮಗನು ತಂದೆಗಾಗಿ ಒಂದು ಉಪಾಯ ಮಾಡಿದ. ಸಮೀಪದ ಊರಿನಲ್ಲಿ ಮುಚ್ಚಿಹೋದ ಚಿತ್ರಮಂದಿರವೊಂದರ ಸಾಮಾನುಗಳು ಗುಜರಿಗೆ ಬಂದಿದ್ದವು. ಅವುಗಳಲ್ಲಿದ್ದ ಎರಡು ದೊಡ್ಡ ಹಾರ್ನ್ ಸ್ಪೀಕರುಗಳನ್ನು ಕೊಂಡುತಂದು ಪಡಸಾಲೆಯಲ್ಲಿ ನಿಲ್ಲಿಸಿದ. ಸೊಸೆಗೆ ಇದು ಹಿಡಿಸಲಿಲ್ಲ. “ಇದೇನು ಮನೆಯೋ, ಜಾತ್ರಿಯೋ?” ಎಂದಳು. ಮನೆಯಲ್ಲಿ ಮೊದಲಿನಿಂದ ಇದ್ದ ಪೆಟ್ಟಿಗೆಯ ಸ್ಪೀಕರುಗಳೇ ಸಾಕೆಂಬುದು ಅವಳ ಪಕ್ಷ. ಇಬ್ಬರೂ ನನ್ನನ್ನು ಮಧ್ಯಸ್ಥನನ್ನಾಗಿ ಮಾಡಿದರು.

ಕಹಳೆ ಮಾಡುವ ಕೆಲಸ

ಹೊಲದಾಚೆಯವನನ್ನು ಕೂಗುವಾಗ ನಾವು ಎರಡೂ ಅಂಗೈಗಳನ್ನು ಬಾಯಿಯ ಸುತ್ತ ಹಿಡಿಯುತ್ತೇವೆ. ಗಂಟಲಿನ ಬಲ ಹೆಚ್ಚಾಗದಿದ್ದರೂ ಕೂಗು ದೂರ ಹೋಗುತ್ತದೆ. ಕಹಳೆಯ ತತ್ತ್ವದ ಬಹುಭಾಗ ಇದರಲ್ಲಿಯೇ ಅಡಗಿದೆ. ಗಾಳಿ ಬಲು ಹಗುರವಾದ ವಸ್ತು; ಅದನ್ನು ನಡುಗಿಸಬೇಕಾದ ಸ್ಪೀಕರಿನ ಪೊರೆ ಅದಕ್ಕೆ ಹೋಲಿಸಿದರೆ ಭಾರವಾದದ್ದು. ಭಾರವಾದದ್ದು ಹಗುರವಾದದ್ದನ್ನು ನೇರವಾಗಿ ತಳ್ಳಹೊರಟರೆ ಹೆಚ್ಚಿನ ಶ್ರಮ ವ್ಯರ್ಥವಾಗುತ್ತದೆ. ಪೊರೆಯ ಮುಂದೆ ಕಿರಿದಾದ ಕಂಠದಿಂದ ಮೊದಲಾಗಿ ಕ್ರಮವಾಗಿ ಅಗಲವಾಗುತ್ತ ಹೋಗುವ ಕೊಳವೆಯನ್ನಿಟ್ಟರೆ, ಕಂಠದಲ್ಲಿ ಗಾಳಿಯ ಒತ್ತಡ ಹೆಚ್ಚುತ್ತದೆ. ಪೊರೆಗೆ ತಳ್ಳಲು ತಕ್ಕ ಎದುರು ದೊರೆಯುತ್ತದೆ. ಆ ಒತ್ತಡ ಬಾಯಿಯ ಕಡೆಗೆ ಸಾಗುತ್ತ ಮೆಲ್ಲಗೆ ಹರಡಿಕೊಂಡು ಹೊರಗಿನ ಗಾಳಿಯೊಡನೆ ಸೇರುತ್ತದೆ.

ಹಿಂದಿನ ಗ್ರಾಮಫೋನು ಇದಕ್ಕೆ ನಿದರ್ಶನ. ಅದರಲ್ಲಿ ವಿದ್ಯುತ್ತೇ ಇರಲಿಲ್ಲ. ಮುಳ್ಳಿನ ಅತಿ ಸೂಕ್ಷ್ಮ ಕಂಪನವನ್ನು ಇಡೀ ಕೋಣೆಗೆ ಕೇಳಿಸುತ್ತಿದ್ದುದು ಕಹಳೆಯೊಂದೇ. ಹಾಡುವವರೂ ಆಗ ಕಹಳೆಯೊಳಗೇ ಹಾಡಬೇಕಾಗಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಿತರಾದ, ಕೊನೆಗಾಲವನ್ನು ಮೈಸೂರಿನ ಆಸ್ಥಾನದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಗೌಹರ್ ಜಾನ್ ಅವರ ಮೊದಲ ತಟ್ಟೆಗಳು ಈ ರೀತಿ ತಯಾರಾದವು. ಮೈಕ್ರೋಫೋನಿನ ಮೂಲಕ ವಿದ್ಯುತ್ತಿನಿಂದ ಮುದ್ರಿಸುವ ಪದ್ಧತಿ ಬಳಕೆಗೆ ಬಂದುದು 1925ರಲ್ಲಿ.

ವಿದ್ಯುತ್ ಧ್ವನಿವರ್ಧಕವೂ ಕಹಳೆಯೊಡನೆಯೇ ಹುಟ್ಟಿತು. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಪೀಟರ್ ಜೆನ್ಸೆನ್ ಮತ್ತು ಎಡ್ವಿನ್ ಪ್ರಿಧಮ್ ಎಂಬವರು 1915ರಲ್ಲಿ ಚಲಿಸುವ ತಂತಿಸುರುಳಿಯ ಯಂತ್ರಕ್ಕೆ ಗ್ರಾಮಫೋನಿನ ಕಹಳೆಯನ್ನು ಜೋಡಿಸಿ ಸಾರ್ವಜನಿಕರಿಗೆ ಕೇಳಿಸಿದರು. ಮಾತನಾಡುವ ಚಿತ್ರಗಳು ಬಂದಾಗ ಚಿತ್ರಮಂದಿರಗಳೂ ಕಹಳೆಗಳನ್ನೇ ಅವಲಂಬಿಸಿದವು. ಆ ಕಾಲದ ಆಂಪ್ಲಿಫೈಯರುಗಳು ಕೊಡುತ್ತಿದ್ದುದು ಕೆಲವೇ ವ್ಯಾಟುಗಳನ್ನು. ಅಷ್ಟರಲ್ಲಿಯೇ ಸಾವಿರ ಜನರಿಗೆ ಕೇಳಿಸಬೇಕಾಗಿತ್ತು.

ಇಲ್ಲಿ ಒಂದು ಭ್ರಮೆಯನ್ನು ದೂರಮಾಡಬೇಕು. ಹಾರ್ನ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಜಾತ್ರೆಯಲ್ಲಿ ಬೇವಿನ ಮರಕ್ಕೆ ಕಟ್ಟಿದ ಲೋಹದ ಕಹಳೆ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿದ್ದಾಗ ಅಂಥ ಕಹಳೆಯಿಂದ ಬರುವ ಪ್ರವಚನವನ್ನು ದೂರದ ಹೊಲದಲ್ಲಿ ನಿಂತು ಕೇಳಿದ ನೆನಪು ನನಗುಂಟು. ಅದು ಮಾತನ್ನು ದೂರಕ್ಕೆ ಒಯ್ಯಲೆಂದೇ ಮಾಡಿದ್ದು. ಕೆಳಗಿನ ಗಂಭೀರ ಸ್ವರಗಳನ್ನೂ ಮೇಲಿನ ಅತಿ ಸೂಕ್ಷ್ಮ ಸ್ವರಗಳನ್ನೂ ಬಿಟ್ಟುಬಿಡುತ್ತದೆ. ಸಂಗೀತಕ್ಕಾಗಿ ಮಾಡಿದ ಕಹಳೆಯನ್ನು ಅದರೊಡನೆ ಹೋಲಿಸಿ ಜರಿಯುವುದು ನ್ಯಾಯವಲ್ಲ.

ಪೆಟ್ಟಿಗೆ ಮನೆ ಸೇರಿದ ಬಗೆ

1925ರಲ್ಲಿ ಅಮೆರಿಕೆಯ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಕಹಳೆಯಿಲ್ಲದೆ, ಶಂಕುವಿನಾಕಾರದ ಕಾಗದದ ಪೊರೆಯೇ ನೇರವಾಗಿ ಗಾಳಿಯನ್ನು ನಡುಗಿಸುವ ಧ್ವನಿವರ್ಧಕವನ್ನು ವಿವರಿಸಿದರು. ಇಂದು ಮನೆಮನೆಯಲ್ಲಿರುವ ಸ್ಪೀಕರುಗಳೆಲ್ಲ ಬಹುಮಟ್ಟಿಗೆ ಈ ವಂಶದವು. ಪೊರೆ ಮುಂದೆ ಸರಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ, ಅದೇ ಕ್ಷಣದಲ್ಲಿ ಹಿಂದಿನ ಗಾಳಿ ಸಡಿಲವಾಗುತ್ತದೆ. ಇವೆರಡೂ ಕೂಡಿದರೆ ಕೆಳಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ಅದನ್ನು ತಡೆಯಲೆಂದು ಸ್ಪೀಕರನ್ನು ಪೆಟ್ಟಿಗೆಯಲ್ಲಿ ಕೂಡಿಸುತ್ತಾರೆ.

ಬಹುಕಾಲ ಈ ಪೆಟ್ಟಿಗೆ ದೊಡ್ಡದಾಗಿಯೇ ಇರಬೇಕಾಗಿತ್ತು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬವರು ಚಿಕ್ಕ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿಕೊಂಡರು. ಇದರಿಂದ ಕಪಾಟಿನಲ್ಲಿ ಇಡಬಹುದಾದ ಪೆಟ್ಟಿಗೆಯಿಂದಲೂ ಗಂಭೀರವಾದ ಕೆಳಸ್ವರ ಬರುವಂತಾಯಿತು. ಪೆಟ್ಟಿಗೆಗೆ ಲೆಕ್ಕಹಾಕಿ ರಂಧ್ರವಿಡುವುದು ಇನ್ನೊಂದು ಪದ್ಧತಿ. ಬರಿದಾದ ಬಾಟಲಿಯ ಬಾಯಿಗೆ ಊದಿದಾಗ ಬರುವ ದನಿಯಂತೆ ಆ ರಂಧ್ರವೂ ತನ್ನದೊಂದು ಕೆಳಸ್ವರವನ್ನು ಕೂಡಿಸುತ್ತದೆ.

ಆದರೆ ಯಾವುದೂ ಪುಕ್ಕಟೆಯಾಗಿ ಬರುವುದಿಲ್ಲ. ಪೆಟ್ಟಿಗೆ ಚಿಕ್ಕದಾಗಿರಬೇಕು, ಕೆಳಸ್ವರ ಆಳವಾಗಿರಬೇಕು, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ದನಿ ಬರಬೇಕು ಎಂಬ ಮೂರು ಆಸೆಗಳಲ್ಲಿ ಎರಡನ್ನು ಪೂರೈಸಿದರೆ ಮೂರನೆಯದನ್ನು ಬಿಡಲೇಬೇಕು. ಜೋಸೆಫ್ ಆಂಟನ್ ಹಾಫ್‌ಮನ್ ಎಂಬ ತಂತ್ರಜ್ಞರ ಹೆಸರಿನಲ್ಲಿ ಈ ನಿಯಮ ಪ್ರಸಿದ್ಧವಾಗಿದೆ. ಚಿಕ್ಕ ಪೆಟ್ಟಿಗೆಯವರು ಮೂರನೆಯದನ್ನು ಬಿಟ್ಟರು. ಟ್ರಾನ್ಸಿಸ್ಟರಿನ ಆಂಪ್ಲಿಫೈಯರುಗಳು ಅಗ್ಗವಾದ ಮೇಲೆ ಈ ನಷ್ಟ ಯಾರಿಗೂ ಭಾರವೆನಿಸಲಿಲ್ಲ.

ಕಹಳೆಯ ಪಕ್ಷದವರು ಮೊದಲನೆಯದನ್ನು ಬಿಟ್ಟರು. ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಸೆಕೆಂಡಿಗೆ 50 ಕಂಪನಗಳ ಸ್ವರದ ಅಲೆ ಸುಮಾರು 7 ಮೀಟರ್ ಉದ್ದವಾಗುತ್ತದೆ. ಅದನ್ನು ಚೆನ್ನಾಗಿ ಹೊರಡಿಸಬೇಕಾದರೆ ಕಹಳೆಯ ಬಾಯಿಯ ಸುತ್ತಳತೆಯೂ ಆ ಉದ್ದಕ್ಕೆ ಸಮೀಪವಿರಬೇಕು. ಎಂದರೆ ಬಾಯಿ ಎರಡು ಮೀಟರಿಗೂ ಹೆಚ್ಚು ಅಗಲವಾಗಬೇಕು. ಯಾರ ಪಡಸಾಲೆಯಲ್ಲಿ ಇದಕ್ಕೆ ಸ್ಥಳವಿದ್ದೀತು? ಅಮೆರಿಕೆಯ ಆರ್ಕನ್ಸಾ ರಾಜ್ಯದ ಹೋಪ್ ಎಂಬ ಊರಿನಲ್ಲಿ 1946ರಲ್ಲಿ ಸಂಸ್ಥೆ ಕಟ್ಟಿದ ಪಾಲ್ ಕ್ಲಿಪ್ಶ್ ಇದಕ್ಕೆ ಜಾಣತನದ ಪರಿಹಾರ ಕಂಡರು. ಕಹಳೆಯನ್ನು ಪೆಟ್ಟಿಗೆಯೊಳಗೆ ಮಡಚಿ, ಅದನ್ನು ಕೋಣೆಯ ಮೂಲೆಯಲ್ಲಿ ನಿಲ್ಲಿಸಿದರು. ಎರಡು ಗೋಡೆಗಳೂ ನೆಲವೂ ಸೇರಿ ಕಹಳೆಯ ಮುಂದುವರಿಕೆಯಾದವು; ಬಾಯಿಯ ವಿಸ್ತಾರ ಎಂಟರಲ್ಲಿ ಒಂದು ಪಾಲಿಗೆ ಇಳಿಯಿತು. ಹಾಗಿದ್ದರೂ ಅವರ ‘ಕ್ಲಿಪ್ಶ್‌ಹಾರ್ನ್’ ನಾಲ್ಕು ಅಡಿಗೂ ಮಿಕ್ಕಿ ಎತ್ತರವಾಗಿದೆ. ಮೂಲ ವಿನ್ಯಾಸದಂತೆ ಅದಕ್ಕೆ ಬಾಗಿಲು ಕಿಟಕಿಗಳ ಅಡ್ಡಿಯಿಲ್ಲದ ಎರಡು ಮೂಲೆಗಳು ಬೇಕು. ನಮ್ಮ ಮನೆಗಳಲ್ಲಿ ಒಂದು ಮೂಲೆ ಬಾಗಿಲಿಗೆ, ಇನ್ನೊಂದು ಕಪಾಟಿಗೆ ಮೊದಲೇ ಮೀಸಲಾಗಿರುತ್ತದೆ.

ಅಳತೆಯ ಮಾತು

ಒಂದು ವ್ಯಾಟ್ ಶಕ್ತಿ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಶಬ್ದ ಬರುತ್ತದೆಂಬುದು ಸ್ಪೀಕರಿನ ಸಂವೇದನೆಯ ಅಳತೆ. ಸಾಮಾನ್ಯ ಪೆಟ್ಟಿಗೆಗಳಲ್ಲಿ ಇದು 85ರಿಂದ 90 ಇರುತ್ತದೆ. ಪೂರ್ಣ ಕಹಳೆಗಳಲ್ಲಿ 100ನ್ನು ದಾಟುತ್ತದೆ. 10 ಡೆಸಿಬೆಲ್ ಹೆಚ್ಚಿಸಲು 10 ಪಟ್ಟು ಶಕ್ತಿ ಬೇಕು, 20 ಡೆಸಿಬೆಲ್‌ಗೆ 100 ಪಟ್ಟು. ಆದುದರಿಂದ 105ರ ಕಹಳೆ ಒಂದು ವ್ಯಾಟಿನಲ್ಲಿ ಮಾಡುವುದನ್ನು 88ರ ಪೆಟ್ಟಿಗೆ ಮಾಡಬೇಕಾದರೆ ಸುಮಾರು 50 ವ್ಯಾಟ್ ಬೇಕಾಗುತ್ತದೆ. ಪೊರೆ ಅಲ್ಪವಾಗಿ ಚಲಿಸಿದರೂ ಸಾಲುವುದರಿಂದ ಕಹಳೆಯಲ್ಲಿ ವಿಕಾರವೂ ಕಡಿಮೆ. ತಬಲೆಯ ಪೆಟ್ಟು, ಗಾಯಕರ ತಾನದ ಏರು ಇವು ದಣಿವಿಲ್ಲದೆ ಬಂದಂತೆ ಕೇಳುವುದು ಇದರಿಂದಲೇ.

ಆದರೆ ಮನೆಯಲ್ಲಿ ನಮಗೆ ಎಷ್ಟು ಶಬ್ದ ಬೇಕು? ಹತ್ತು ಅಡಿ ದೂರದಲ್ಲಿ ಕುಳಿತು ಹಿತವಾಗಿ ಕೇಳಲು 70ರಿಂದ 75 ಡೆಸಿಬೆಲ್ ಸಾಕು. ಅಷ್ಟಕ್ಕೆ 88ರ ಪೆಟ್ಟಿಗೆಗೂ ಅರ್ಧ ವ್ಯಾಟ್ ಹೆಚ್ಚೇ. ಸಂಗೀತದ ನಡುವೆ ಕ್ಷಣಮಾತ್ರ ಬರುವ 20 ಡೆಸಿಬೆಲ್‌ಗಳ ಏರಿಗೆ ಮಾತ್ರ 30ರಿಂದ 50 ವ್ಯಾಟ್ ಬೇಕಾದೀತು. ಇಂದು ಸಾಧಾರಣ ಆಂಪ್ಲಿಫೈಯರೂ ಅಷ್ಟನ್ನು ಕೊಡುತ್ತದೆ. ಕಹಳೆಯ ಈ ಮಹಾಗುಣ ಸಭಾಭವನದಲ್ಲಿ ಅನಿವಾರ್ಯವಾದರೂ ಚಿಕ್ಕ ಕೋಣೆಯಲ್ಲಿ ಬಹುಪಾಲು ಉಪಯೋಗವಿಲ್ಲದೆ ಉಳಿಯುತ್ತದೆ. ಕಹಳೆಯೊಡನೆ ಇನ್ನೊಂದು ತೊಡಕೂ ಇದೆ. ಹಾಡಿನೊಡನೆ ಆಂಪ್ಲಿಫೈಯರಿನ ‘ಸ್ಸ್’ ಎಂಬ ಸದ್ದನ್ನೂ ಅದು ದೊಡ್ಡದು ಮಾಡಿ ಕೇಳಿಸುತ್ತದೆ. ಕೆಲವೇ ವ್ಯಾಟ್ ಕೊಡುವ ವಾಲ್ವ್ ಆಂಪ್ಲಿಫೈಯರುಗಳನ್ನು ಮೆಚ್ಚುವವರು ಮಾತ್ರ ಕಹಳೆಯನ್ನು ಬಿಡಲಾರರು. ಅವೆರಡೂ ಒಂದಕ್ಕೊಂದು ಹೊಂದಿದ ಜೋಡಿ.

ಸ್ವರ ಮತ್ತು ವ್ಯಂಜನ

ಅಣ್ಣನವರ ದೂರಿಗೆ ಈಗ ಬರುತ್ತೇನೆ. ದನಿ ಕೇಳುತ್ತದೆ, ಮಾತು ಬಿಡಿಸಿ ಕೇಳದು ಎಂದರೆ ಏನು? ಸ್ವರ ತಾನಾಗಿಯೇ ನಿಲ್ಲಬಲ್ಲುದು, ವ್ಯಂಜನಕ್ಕೆ ಸ್ವರದ ಆಸರೆ ಬೇಕು ಎಂದು ವ್ಯಾಕರಣದ ಮೊದಲ ಪಾಠದಲ್ಲಿಯೇ ಕಲಿಯುತ್ತೇವೆ. ಶಬ್ದವಿಜ್ಞಾನದಲ್ಲಿಯೂ ಇದಕ್ಕೆ ಸಮಾನವಾದ ಸಂಗತಿಯಿದೆ. ಆ, ಓ, ಊ ಮುಂತಾದ ಸ್ವರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿರುತ್ತದೆ. ಅವು ಗಟ್ಟಿಯಾಗಿ ಕೇಳುತ್ತವೆ. ಸ, ಶ, ತ, ಕ ಮುಂತಾದ ವ್ಯಂಜನಗಳು ದುರ್ಬಲವಾದವು. ಅವುಗಳ ಗುರುತೆಲ್ಲ ಮೇಲಿನ ಕಂಪನಗಳಲ್ಲಿರುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಆ ಮೇಲಿನ ಕಂಪನಗಳನ್ನೇ. ಆಗ ದನಿ ಉಳಿಯುತ್ತದೆ, ಅರ್ಥ ಜಾರುತ್ತದೆ. ಎದುರಿನವರು ಬಾಯಿಯೊಳಗೇ ಮಾತನಾಡುತ್ತಿದ್ದಾರೆಂದು ವೃದ್ಧರು ಬೇಸರಪಡುತ್ತಾರೆ. ಎಷ್ಟು ಕೂಗಿದರೂ ತಿಳಿಯದೆಂದು ಮನೆಯವರು ಬೇಸರಪಡುತ್ತಾರೆ. ಎರಡೂ ಕಡೆಗೆ ತಪ್ಪಿಲ್ಲ.

ಇದರ ಮೇಲೆ ಕೋಣೆಯ ಉಪದ್ರವ ಬೇರೆ. ನಮ್ಮ ಪಡಸಾಲೆಯ ನೆಲ ಶಹಾಬಾದ ಪರಸಿಯದು, ಗೋಡೆಗಳು ಬೋಳು. ಸ್ಪೀಕರಿನಿಂದ ಹೊರಟ ದನಿ ನೇರವಾಗಿ ಒಮ್ಮೆ, ಗೋಡೆ ನೆಲಗಳಿಗೆ ತಾಗಿ ಹಲವು ಸಾರಿ ಕಿವಿಗೆ ಬರುತ್ತದೆ. ಹಿಂದಿನ ಅಕ್ಷರದ ಸ್ವರ ಇನ್ನೂ ಮೊಳಗುತ್ತಿರುವಾಗಲೇ ಮುಂದಿನ ಅಕ್ಷರದ ವ್ಯಂಜನ ಬಂದು ಅದರಲ್ಲಿ ಮುಳುಗಿಹೋಗುತ್ತದೆ. ಇಲ್ಲಿ ಕಹಳೆಯ ಎರಡನೆಯ ಗುಣ ಸಹಾಯಕ್ಕೆ ಬರುತ್ತದೆ. ಅದು ದನಿಯನ್ನು ಸುತ್ತಲೂ ಚೆಲ್ಲದೆ ಮುಂದಕ್ಕೆ ಕಳಿಸುತ್ತದೆ. ಗೋಡೆಗೆ ಬೀಳುವ ಪಾಲು ಕಡಿಮೆಯಾಗಿ ನೇರವಾಗಿ ಕಿವಿಗೆ ಬರುವ ಪಾಲು ಹೆಚ್ಚುತ್ತದೆ. ಆದರೆ ಎದುರಿಗೆ ಕುಳಿತವರಿಗೆ ಸ್ಫುಟವಾಗಿ ಕೇಳುವುದು ಬದಿಗೆ ಕುಳಿತವರಿಗೆ ಮಂಕಾಗಿ ಕೇಳುತ್ತದೆ. ಪೆಟ್ಟಿಗೆಯ ಸಣ್ಣ ಗುಮ್ಮಟದಂಥ ಟ್ವೀಟರ್ ದನಿಯನ್ನು ಅಗಲವಾಗಿ ಹರಡುವುದರಿಂದ ಚಾಪೆಯ ಮೇಲೆ ಎಲ್ಲೆಂದರಲ್ಲಿ ಕುಳಿತ ಮನೆಮಂದಿಗೆ ಅನುಕೂಲ. ಅಲ್ಲದೆ ಸರಿಯಾಗಿ ರೂಪಿಸದ ಕಹಳೆಯಲ್ಲಿ ಬಾಯಿಯಿಂದ ಕಂಠಕ್ಕೆ ದನಿ ಮರಳಿ, ಮೂಗಿನಲ್ಲಿ ಹಾಡಿದಂಥ ಬಣ್ಣ ಕೂಡಿಕೊಳ್ಳುತ್ತದೆ.

ನಮ್ಮ ಮನೆಯ ಪರೀಕ್ಷೆ

ವಾದದಿಂದ ತೀರದ್ದನ್ನು ಪರೀಕ್ಷೆಯಿಂದ ತೀರಿಸೋಣವೆಂದು ನಿಶ್ಚಯಿಸಿದೆವು. ಯಾವುದು ತುಸು ಗಟ್ಟಿಯೋ ಅದೇ ಚೆನ್ನಾಗಿದೆಯೆಂದು ಕಿವಿ ಮೋಸಹೋಗುತ್ತದೆ. ಆದುದರಿಂದ ಮಗನು ಫೋನಿನ ಅಳತೆಯಿಂದ ಎರಡರ ಶಬ್ದವನ್ನೂ ಕುಳಿತ ಸ್ಥಳದಲ್ಲಿ ಸಮಮಾಡಿದ. ಸೊಸೆ ಬಿಡಿಬಿಡಿಯಾದ ಪದಗಳನ್ನು ಓದಿ ಮುದ್ರಿಸಿಕೊಟ್ಟಳು. ಅಣ್ಣನವರು ಕಾಗದ ಪೆನ್ನು ಹಿಡಿದು ಕುಳಿತರು. ಆಯುಷ್ಯವೆಲ್ಲ ಉಕ್ತಲೇಖನ ಕೊಟ್ಟವರು ಅಂದು ತಾವೇ ಬರೆಯಲು ಕುಳಿತಿದ್ದರು.

ಹದಿನಾಲ್ಕು ಅಡಿ ದೂರದಿಂದ ಪೆಟ್ಟಿಗೆಯ ಸ್ಪೀಕರಿನಲ್ಲಿ ಕೇಳಿ ಬರೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪು. ಅಷ್ಟೇ ದೂರದಿಂದ ಹಾರ್ನಿನಲ್ಲಿ ಕೇಳಿದಾಗ ತಪ್ಪು ಗಣನೀಯವಾಗಿ ಕಡಿಮೆಯಾಯಿತು. ಮಗ ಗೆದ್ದೆನೆಂದು ನಕ್ಕ. ಆಮೇಲೆ ನೆಲಕ್ಕೆ ನವಲಗುಂದದ ಜಮಖಾನೆ ಹಾಸಿ, ಎದುರಿನ ಗೋಡೆಗೆ ಎರಡು ದಪ್ಪ ಕೌದಿಗಳನ್ನು ತೂಗುಹಾಕಿ, ಕುರ್ಚಿಯನ್ನು ಸ್ಪೀಕರಿನಿಂದ ಆರು ಅಡಿಗೆ ತಂದೆವು. ಮತ್ತೆ ಹೊಸ ಪದಗಳನ್ನು ಕೇಳಿಸಿದೆವು. ಈಗ ಪೆಟ್ಟಿಗೆಯೂ ಹಾರ್ನಿನ ಸರಿಸಮಕ್ಕೆ ಬಂದಿತು. ಹಾಡು ಹಾಕಿದಾಗ ತಂಬೂರಿಯ ತುಂಬುದನಿಯೂ ತಬಲೆಯ ಎಡಗೈಯ ಗುಂಕಾರವೂ ಪೆಟ್ಟಿಗೆಯಲ್ಲಿಯೇ ಮೇಲಾಗಿದ್ದವು. ಚಿತ್ರಮಂದಿರದ ಆ ಹಾರ್ನಿಗೆ ಅದರ ಕೆಳಸ್ವರದ ದೊಡ್ಡ ಪೆಟ್ಟಿಗೆ ಜೊತೆಯಾಗಿ ಬಂದಿರಲಿಲ್ಲ. ಇದು ಒಂದು ಮನೆಯ, ಒಬ್ಬರ ಕಿವಿಯ ಅನುಭವ. ಎಲ್ಲ ಕಹಳೆಗಳ ಮೇಲೆ ಕೊಟ್ಟ ತೀರ್ಪೆಂದು ಯಾರೂ ಭಾವಿಸಬಾರದು.

ಆದರೆ ನಾಲ್ಕೂ ಹಾಳೆಗಳಲ್ಲಿ ಕೆಲವು ತಪ್ಪುಗಳು ಉಳಿದೇ ಇದ್ದವು. ಮೊಮ್ಮಗಳು ಕೆಂಪು ಶಾಯಿಯಿಂದ ಅವುಗಳಿಗೆ ಗುರುತು ಹಾಕಿ ಅಜ್ಜನ ಕೈಗೆ ಕೊಟ್ಟಳು. ‘ಸ’ ಇದ್ದಲ್ಲಿ ‘ಹ’, ‘ತ’ ಇದ್ದಲ್ಲಿ ‘ಪ’. ಅಣ್ಣನವರು ಬಹಳ ಹೊತ್ತು ಆ ಹಾಳೆಗಳನ್ನು ನೋಡಿದರು. “ಶಾಲಿ ಹುಡುಗರು ಹಿಂಗ ತಪ್ಪು ಬರದಾಗ ನಾ ಬೈತಿದ್ದೆ. ಅವರಿಗೂ ಕೇಳಿಸಿತ್ತೋ ಇಲ್ಲೋ, ಯಾರಿಗ್ಗೊತ್ತು” ಎಂದರು. ಅದುವರೆಗೆ ಕಿವಿಯ ವೈದ್ಯರ ಹೆಸರು ಎತ್ತಿದರೆ ಸಿಟ್ಟಾಗುತ್ತಿದ್ದವರು ಮರುವಾರ ತಾವಾಗಿಯೇ ಹೊರಟರು. ಎರಡೂ ಕಿವಿಗಳಿಗೆ ಶ್ರವಣಯಂತ್ರ ಬಂದಿತು. ಮೊದಲ ತಿಂಗಳು ಪಾತ್ರೆಯ ಸದ್ದೂ ಗುಡುಗಿನಂತೆ ಕೇಳುತ್ತದೆಂದು ಗೊಣಗಿದರು, ಆಮೇಲೆ ಒಗ್ಗಿಕೊಂಡರು. ಈಗ ಸಂಜೆ ಪಡಸಾಲೆಯಲ್ಲಿ ಮತ್ತೆ ಕೂಡುತ್ತಾರೆ. ಎಲ್ಲ ಅಕ್ಷರವೂ ಕೇಳುತ್ತದೆಂದಲ್ಲ. ಕೇಳದಿದ್ದಾಗ ಪಕ್ಕದಲ್ಲಿ ಕುಳಿತ ಮೊಮ್ಮಗಳನ್ನು ಕೇಳುತ್ತಾರೆ, ಅವಳು ಹೇಳುತ್ತಾಳೆ.

ಹಾರ್ನುಗಳನ್ನು ಊರಿನ ಸಮುದಾಯ ಭವನಕ್ಕೆ ಕೊಟ್ಟೆವು. ಅಲ್ಲಿಯ ಉದ್ದವಾದ ಸಭಾಗೃಹದಲ್ಲಿ ಕೊನೆಯ ಸಾಲಿನವರಿಗೂ ಮಾತು ಸ್ಪಷ್ಟವಾಗಿ ಮುಟ್ಟುತ್ತಿದೆ.

ಕೊಳ್ಳುವವರಿಗೆ ಕೆಲವು ಮಾತು

ದೊಡ್ಡ ಕೋಣೆ, ತೆರವಾದ ಮೂಲೆಗಳು, ಎದುರಿಗೆ ಕುಳಿತು ಏಕಾಗ್ರತೆಯಿಂದ ಕೇಳುವ ಅಭ್ಯಾಸ, ಅದಕ್ಕೆ ತಕ್ಕ ಹಣ ಇವುಳ್ಳವರಿಗೆ ಒಳ್ಳೆಯ ಕಹಳೆ ಅಪೂರ್ವವಾದ ಜೀವಂತಿಕೆಯನ್ನು ಕೊಡುತ್ತದೆ. ಸಾಮಾನ್ಯ ಪಡಸಾಲೆಗೆ ಪೆಟ್ಟಿಗೆ ಸಾಕು. ಇವೆರಡರ ನಡುವೆ ಮಿಶ್ರಮಾರ್ಗವೂ ಉಂಟು: ಕೆಳಸ್ವರಕ್ಕೆ ಪೆಟ್ಟಿಗೆ, ಮೇಲಿನ ಸ್ವರಗಳಿಗೆ ಚಿಕ್ಕ ಕಹಳೆ. ಕ್ಲಿಪ್ಶ್ ಅವರೇ 1957ರಲ್ಲಿ ಇಂಥದನ್ನು ಹೊರತಂದು ಅದಕ್ಕೆ ‘ಹೆರೆಸಿ’, ಎಂದರೆ ಪಾಷಂಡ, ಎಂದು ಹಾಸ್ಯದ ಹೆಸರಿಟ್ಟರು. ಇಂದು ಮನೆಗೆಂದು ಮಾರುವ ಹಾರ್ನ್ ಸ್ಪೀಕರುಗಳಲ್ಲಿ ಹೆಚ್ಚಿನವು ಈ ಜಾತಿಯವು.

ಅಂಗಡಿಗೆ ಹೋಗುವಾಗ ನಿಮಗೆ ಬಾಯಿಪಾಠವಾಗಿರುವ ಹಾಡನ್ನು ಒಯ್ಯಿರಿ. ಪರಿಚಿತವಾದ ಮನುಷ್ಯ ಕಂಠಕ್ಕಿಂತ ಮಿಗಿಲಾದ ಒರೆಗಲ್ಲಿಲ್ಲ. ಎರಡರ ಶಬ್ದವನ್ನೂ ಸಮಮಾಡಿಸಿ ಕೇಳಿರಿ. ಮೆಲ್ಲಗಿಟ್ಟೂ ಕೇಳಿರಿ, ಬದಿಗೆ ಸರಿದೂ ಕೇಳಿರಿ. ಹೊಸದನ್ನು ಕೊಳ್ಳುವ ಮೊದಲು ಇರುವುದನ್ನು ಹತ್ತಿರಕ್ಕೆ ತಂದು, ನೆಲಕ್ಕೆ ಹಾಸಿ, ಗೋಡೆಗೆ ಹೊದಿಸಿ ನೋಡಿರಿ.

ಕಹಳೆ ಅಲ್ಪ ಶಕ್ತಿಯಲ್ಲಿಯೇ ಅಪಾಯದ ಮಟ್ಟವನ್ನು ಮುಟ್ಟಬಲ್ಲುದೆಂಬುದನ್ನು ಮರೆಯಬಾರದು. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ನೆರೆಯವರ ನಿದ್ರೆಗೂ ಬೆಲೆಯಿದೆ. ನಮ್ಮ ದೇಶದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿಯಿದೆ.

ಕೊನೆಯದಾಗಿ, ನಿಮ್ಮ ಮನೆಯಲ್ಲಿ ಹಿರಿಯರೊಬ್ಬರು ಇತ್ತೀಚೆಗೆ ಹಾಡು ಕೇಳುವುದನ್ನು ಬಿಟ್ಟಿದ್ದರೆ, ಮಾತುಕತೆಯಿಂದ ದೂರ ಸರಿಯುತ್ತಿದ್ದರೆ, ಅದನ್ನು ವೈರಾಗ್ಯವೆಂದು ತಿಳಿದು ಸುಮ್ಮನಾಗಬೇಡಿರಿ. ಒಂದು ಸಂಜೆ ಅವರ ಹತ್ತಿರ ಕುಳಿತು, ಮೆಲುದನಿಯಲ್ಲಿ ಹತ್ತು ಪದಗಳ ಉಕ್ತಲೇಖನ ಕೊಟ್ಟು ನೋಡಿರಿ.